ಬೆಕ್ಕು ಹೊಸ್ತಿಲು ದಾಟುವ ಮುನ್ನ

ಬಾಗಿಲು ನಾಲ್ಕು ಬೆರಳಷ್ಟು ತೆರೆದರೆ ಸಾಕು, ಕುತೂಹಲದ ಬೆಕ್ಕಿನ ಮೂತಿ ಆ ಸಂದಿಗೆ ಬಂದಿರುತ್ತದೆ. ಬೇಟೆಗೆಂದೇ ರೂಪುಗೊಂಡ ಪ್ರಾಣಿಗೆ ಹೊರಗಿನ ವಾಸನೆ, ಎಲೆಗಳ ಸರಸರ ಸದ್ದು, ಹಕ್ಕಿಗಳ ಓಡಾಟ ಇವೆಲ್ಲ ತಡೆಯಲಾರದ ಸೆಳೆತ. ಅದೇ ಹೊರಗಿನಲ್ಲಿ ವಾಹನ, ನಾಯಿ, ವಿಷ, ಕಾದಾಟ, ಸೋಂಕು ಎಲ್ಲವೂ ಇವೆ. ಬೆಕ್ಕನ್ನು ಹೊರಗೆ ಬಿಡಬೇಕೋ ಬೇಡವೋ ಎಂದು ನಾವು ಚರ್ಚಿಸುತ್ತೇವೆ. ಕರೆದಾಗ ಅದು ಮರಳಿ ಬರುತ್ತದೆಯೇ ಎಂದು ಕೇಳಿಕೊಳ್ಳುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಇಡೀ ಸಿದ್ಧತೆ ಈ ಎರಡನೆಯ ಪ್ರಶ್ನೆಯ ಸುತ್ತಲೇ ನಡೆಯಬೇಕು.

ಮೊದಲು ಪಶುವೈದ್ಯರ ಬಳಿ

ಹೊರಗಿನ ಗಾಳಿ ಸೋಕುವ ಮೊದಲೇ ಲಸಿಕೆಗಳು ಮುಗಿದಿರಬೇಕು. ರೇಬೀಸ್ ಲಸಿಕೆಯ ಜೊತೆಗೆ, ತೀವ್ರ ವಾಂತಿ ಭೇದಿ ತರುವ ಪ್ಯಾನ್‌ಲ್ಯುಕೋಪೀನಿಯಾ ರೋಗ ಮತ್ತು ಶೀತದಂಥ ಉಸಿರಾಟದ ಸೋಂಕು ತರುವ ಹರ್ಪಿಸ್ ಹಾಗೂ ಕ್ಯಾಲಿಸಿ ವೈರಸ್‌ಗಳ ವಿರುದ್ಧದ ಲಸಿಕೆ ಅಗತ್ಯ; ಬೇರೆ ಬೆಕ್ಕುಗಳ ಸಂಪರ್ಕಕ್ಕೆ ಬರುವ ಬೆಕ್ಕಿಗೆ ಲ್ಯುಕೇಮಿಯಾ ವೈರಸ್‌ನ ಲಸಿಕೆಯನ್ನೂ ವೈದ್ಯರು ಸೂಚಿಸುತ್ತಾರೆ. ಮರಿಗಳಿಗೆ ಸಾಮಾನ್ಯವಾಗಿ 6ರಿಂದ 8 ವಾರಗಳ ವಯಸ್ಸಿನಲ್ಲಿ ಆರಂಭಿಸಿ, 3–4 ವಾರಗಳಿಗೊಮ್ಮೆಯಂತೆ 16 ವಾರ ತುಂಬುವವರೆಗೆ ಲಸಿಕೆ ಕೊಡಿಸಲಾಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ರಕ್ಷಣೆಯೂ ಅರ್ಧವೇ.

ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಾರದು. ಹೆಣ್ಣು ಬೆಕ್ಕು ನಾಲ್ಕು ತಿಂಗಳ ಆಸುಪಾಸಿನಲ್ಲೇ ಗರ್ಭ ಧರಿಸಬಹುದು. ಶಸ್ತ್ರಚಿಕಿತ್ಸೆಯಾಗದ ಗಂಡು ಬೆಕ್ಕು ಬಹು ದೂರ ಅಲೆಯುತ್ತದೆ ಮತ್ತು ಹೆಚ್ಚು ಕಾದಾಡುತ್ತದೆ. ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಎಫ್‌ಐವಿ ಸೋಂಕು ಮುಖ್ಯವಾಗಿ ಹರಡುವುದು ಇಂಥ ಕಾದಾಟದ ಆಳವಾದ ಕಡಿತಗಳಿಂದ. ಉಣ್ಣೆ, ಚಿಗಟಗಳ ಔಷಧಿಯ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಾಯಿಗಳಿಗಾಗಿ ಮಾರುವ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರಬಹುದು. ಅದು ಬೆಕ್ಕಿನಲ್ಲಿ ನಡುಕ ಮತ್ತು ಸೆಳವು ತಂದು ಪ್ರಾಣವನ್ನೇ ತೆಗೆಯಬಲ್ಲದು. ಬೆಕ್ಕಿಗೆಂದೇ ಬರೆದಿರುವ ಔಷಧಿಯ ಹೊರತು ಬೇರೇನನ್ನೂ ಹಚ್ಚಬೇಡಿ.

ಗುರುತು ಎರಡಿರಲಿ

ಅಕ್ಕಿಕಾಳಿನ ಗಾತ್ರದ ಮೈಕ್ರೋಚಿಪ್ಪನ್ನು ಭುಜಗಳ ನಡುವಿನ ಚರ್ಮದ ಕೆಳಗೆ ಸೂಜಿಯಿಂದ ಸೇರಿಸುತ್ತಾರೆ. ಸ್ಕ್ಯಾನರ್ ಹಿಡಿದಾಗ ಅದರಲ್ಲಿನ 15 ಅಂಕಿಗಳ ಸಂಖ್ಯೆ ಮೂಡುತ್ತದೆ. ಬೆಕ್ಕು ಎಲ್ಲಿದೆಯೆಂದು ಅದು ತೋರಿಸುವುದಿಲ್ಲ, ಅದರಲ್ಲಿ ಬ್ಯಾಟರಿಯೂ ಇರುವುದಿಲ್ಲ; ನೋಂದಣಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಹಳೆಯದಾಗಿದ್ದರೆ ಚಿಪ್ ಇದ್ದೂ ಇಲ್ಲದಂತೆ. ಕೊರಳಪಟ್ಟಿಯೂ ಇರಲಿ, ಆದರೆ ಎಲ್ಲಾದರೂ ಸಿಕ್ಕಿಕೊಂಡಾಗ ತಾನಾಗಿ ಬಿಚ್ಚಿಕೊಳ್ಳುವ ಬಗೆಯದೇ ಆಗಬೇಕು. ಪಟ್ಟಿಗೂ ಕೊರಳಿಗೂ ನಡುವೆ ಎರಡು ಬೆರಳು ಹಿಡಿಸಬೇಕು. ಸಡಿಲವಾದ ಪಟ್ಟಿಯೊಳಗೆ ಬೆಕ್ಕಿನ ಮುಂಗಾಲು ಸಿಲುಕಿದರೆ ಬಗಲಲ್ಲಿ ಆಳವಾದ ಗಾಯವಾಗುತ್ತದೆ.

ಮರಳಿ ಬರುವ ಅಭ್ಯಾಸ

ಈ ಹಂತಕ್ಕೆ ಕೆಲವು ವಾರಗಳೇ ಬೇಕು, ಮತ್ತು ಇದು ಪೂರ್ತಿಯಾಗಿ ಮನೆಯೊಳಗೇ ನಡೆಯಬೇಕು. ಒಂದು ಸದ್ದನ್ನು ಆರಿಸಿಕೊಳ್ಳಿ. ತಿನಿಸಿನ ಡಬ್ಬಿ ಅಲ್ಲಾಡಿಸುವ ಸದ್ದಾಗಲಿ, ಸಿಳ್ಳೆಯಾಗಲಿ, ಮನೆಯವರೆಲ್ಲರೂ ಅದೊಂದನ್ನೇ ಬಳಸಬೇಕು. ಊಟ ಕೊಡುವ ಮೊದಲು ಪ್ರತಿ ಸಲವೂ ಆ ಸದ್ದು ಮಾಡಿ. ಆಮೇಲೆ ಬೇರೆ ಕೋಣೆಯಿಂದ, ನಂತರ ಅದು ಆಟದಲ್ಲಿ ಮುಳುಗಿರುವಾಗ ಕರೆದು ನೋಡಿ. ಬಂದಾಗಲೆಲ್ಲ ಏನಾದರೂ ರುಚಿಯಾದದ್ದು ಸಿಗಲೇಬೇಕು. ಬೈಯಲು, ಮಾತ್ರೆ ನುಂಗಿಸಲು, ಸ್ನಾನ ಮಾಡಿಸಲು ಆ ಸದ್ದನ್ನು ಒಮ್ಮೆಯೂ ಬಳಸಬಾರದು, ಏಕೆಂದರೆ ಇಂಥ ಎರಡು ಮೂರು ಕಹಿ ಅನುಭವಗಳು ವಾರಗಳ ದುಡಿಮೆಯನ್ನು ಅಳಿಸಿಬಿಡುತ್ತವೆ.

ಬೆಕ್ಕುಗಳು ಹೆಚ್ಚು ಚುರುಕಾಗಿರುವುದು ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ವಾಹನ ಓಡಿಸುವವರಿಗೆ ಅವು ಕಾಣಿಸದೇ ಹೋಗುವುದೂ ಆ ಮಬ್ಬುಗತ್ತಲಲ್ಲೇ. ಆದ್ದರಿಂದ ದಿನದ ಮುಖ್ಯ ಊಟವನ್ನು ಕತ್ತಲಾಗುವ ಮೊದಲಿನ ಹೊತ್ತಿಗೆ ಇಟ್ಟುಕೊಂಡು, ಹಗಲಿನ ತಿರುಗಾಟವೆಲ್ಲ ಊಟಕ್ಕೆ ಮೊದಲೇ ಮುಗಿಯುವಂತೆ ನೋಡಿಕೊಳ್ಳಬೇಕು. ಹಸಿದ ಬೆಕ್ಕು ಕರೆಗೆ ಓಗೊಡುತ್ತದೆ, ಹೊಟ್ಟೆ ತುಂಬಿದ ಬೆಕ್ಕು ಯೋಚಿಸುತ್ತದೆ.

ಹಾರ್ನೆಸ್‌ನೊಂದಿಗೆ ಮೊದಲ ಹೆಜ್ಜೆ

ಬೆಕ್ಕಿಗೆಂದೇ ಮಾಡಿದ ಹಾರ್ನೆಸ್, ಅಂದರೆ ಎದೆ ಮತ್ತು ಬೆನ್ನನ್ನು ಸುತ್ತುವ ಪಟ್ಟಿ ತಂದು, ಬೆಕ್ಕು ಮಲಗುವ ಜಾಗದ ಪಕ್ಕ ಕೆಲವು ದಿನ ಸುಮ್ಮನೆ ಇಡಿ. ಅದರ ವಾಸನೆ ಪರಿಚಿತವಾದ ಮೇಲೆ, ತಿನ್ನುತ್ತಿರುವಾಗ ಒಂದೆರಡು ನಿಮಿಷ ತೊಡಿಸಿ ತೆಗೆಯಿರಿ. ಮೊದಮೊದಲು ಬೆಕ್ಕು ನೆಲಕ್ಕೆ ಅಂಟಿಕೊಂಡು ಕೂರಬಹುದು, ಪಕ್ಕಕ್ಕೆ ಉರುಳಿ ಏಳದೇ ಇರಬಹುದು. ಅದು ಸಹಜ, ಅವಸರ ಮಾಡಬಾರದು. ಹಗ್ಗವನ್ನು ಬೆನ್ನಿನ ಮೇಲಿನ ಕೊಂಡಿಗೇ ಹಾಕಬೇಕು, ಕೊರಳಪಟ್ಟಿಗೆ ಎಂದಿಗೂ ಕಟ್ಟಬಾರದು.

ಹೊರಗೆ ಕರೆದೊಯ್ಯುವಾಗ ಬೆಕ್ಕನ್ನು ಬಾಗಿಲಿನಿಂದ ನಡೆಸುವ ಬದಲು ಸಾಗಿಸುವ ಪೆಟ್ಟಿಗೆಯಲ್ಲಿ ಕೂರಿಸಿ ಒಯ್ಯುವುದನ್ನು ನಾನು ಸಲಹೆ ಮಾಡುತ್ತೇನೆ. ಬಾಗಿಲು ತೆರೆದೊಡನೆ ನುಗ್ಗುವ ಚಟ ಇದರಿಂದ ಬೆಳೆಯುವುದಿಲ್ಲ, ಮತ್ತು ಹೆದರಿದಾಗ ಓಡಿ ಸೇರಿಕೊಳ್ಳಲು ತನ್ನದೇ ವಾಸನೆಯ ಗೂಡು ಪಕ್ಕದಲ್ಲಿರುತ್ತದೆ. ಸದ್ದಿಲ್ಲದ ಜಾಗದಲ್ಲಿ ಪೆಟ್ಟಿಗೆಯ ಬಾಗಿಲು ತೆರೆದು ಕಾಯಿರಿ. ಮೊದಲ ದಿನ ಅದು ಹೊರಗೆ ಬರದಿದ್ದರೂ ಚಿಂತೆಯಿಲ್ಲ, ಹತ್ತು ನಿಮಿಷ ಸಾಕು.

ಎಷ್ಟೇ ಒಳ್ಳೆಯ ಹಾರ್ನೆಸ್ ಆದರೂ ಬೆಕ್ಕು ಹಿಂದಕ್ಕೆ ಸರಿದು ನುಣುಚಿಕೊಳ್ಳಬಲ್ಲದು. ಅದು ಹಿಂದೆ ಸರಿಯತೊಡಗಿದರೆ ಎದುರಿನಿಂದ ಎಳೆಯಬೇಡಿ; ಹಗ್ಗವನ್ನು ಸಡಿಲಿಸಿ ಅದರ ಬೆನ್ನ ಹಿಂದಕ್ಕೆ ಬನ್ನಿ. ಕೈಯಲ್ಲಿ ದಪ್ಪ ಟವೆಲ್ ಇದ್ದರೆ, ಬೆದರಿದ ಬೆಕ್ಕನ್ನು ಪರಚಿಸಿಕೊಳ್ಳದೆ ಸುತ್ತಿ ಎತ್ತಿಕೊಳ್ಳಬಹುದು. ಹಗ್ಗವನ್ನು ಕಂಬಕ್ಕೋ ಮರಕ್ಕೋ ಕಟ್ಟಿ ಬಿಟ್ಟುಹೋಗುವುದು ಮಾತ್ರ ಬೇಡವೇ ಬೇಡ. ನಾಯಿ ಬಂದರೆ ಅದಕ್ಕೆ ಓಡಲೂ ಆಗುವುದಿಲ್ಲ, ಹತ್ತಲೂ ಆಗುವುದಿಲ್ಲ.

ಕಿಟಕಿ, ಬಾಲ್ಕನಿ, ಗೋಡೆ

ಬೆಕ್ಕು ಎಲ್ಲಿಂದ ಬಿದ್ದರೂ ಕಾಲ ಮೇಲೆಯೇ ನಿಲ್ಲುತ್ತದೆ ಎಂಬ ನಂಬಿಕೆ ಅನೇಕ ಬೆಕ್ಕುಗಳಿಗೆ ಮುಳುವಾಗಿದೆ. ನ್ಯೂಯಾರ್ಕ್‌ನ ಪ್ರಾಣಿ ಆಸ್ಪತ್ರೆಯೊಂದಕ್ಕೆ ಎತ್ತರದಿಂದ ಬಿದ್ದು ಬಂದ 132 ಬೆಕ್ಕುಗಳ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಪಡೆದವುಗಳಲ್ಲಿ ಶೇ 90ರಷ್ಟು ಬದುಕಿದವು. ಆ ಲೆಕ್ಕವನ್ನು ಧೈರ್ಯವಾಗಿ ತೆಗೆದುಕೊಳ್ಳಬಾರದು, ಏಕೆಂದರೆ ಬಿದ್ದಲ್ಲೇ ಸತ್ತ ಬೆಕ್ಕುಗಳು ಆಸ್ಪತ್ರೆಗೆ ಬರುವುದೇ ಇಲ್ಲ. ಬದುಕುಳಿದವುಗಳಿಗೂ ಎದೆಯ ಪೆಟ್ಟು, ದವಡೆ ಮತ್ತು ಕಾಲುಗಳ ಮುರಿತ ಸಾಮಾನ್ಯ. ಸೊಳ್ಳೆ ಪರದೆ ಬೆಕ್ಕಿನ ಭಾರವನ್ನು ತಡೆಯುವುದಿಲ್ಲ. ಬಾಲ್ಕನಿಗೆ ಗಟ್ಟಿಯಾದ ಬಲೆಯನ್ನು ಮೇಲಿನಿಂದ ಕೆಳಗಿನವರೆಗೆ ಬಿಗಿದು, ಅಂಚುಗಳಲ್ಲಿ ಬೆಕ್ಕಿನ ತಲೆ ತೂರುವಷ್ಟು ಸಂದಿ ಉಳಿದಿಲ್ಲವೆಂದು ಕೈಯಾಡಿಸಿ ಖಚಿತಪಡಿಸಿಕೊಳ್ಳಿ. ಅಂಗಳವಿದ್ದರೆ ಬೇಲಿಯ ತುದಿಗೆ ಜಾಲರಿಯನ್ನು ಒಳಮುಖವಾಗಿ ಬಾಗಿಸಿ ಕಟ್ಟಬಹುದು. ನೆರಳು, ನೀರು, ಹತ್ತಿ ಕೂರಲು ಒಂದು ಎತ್ತರದ ಹಲಗೆ ಇದ್ದರೆ ಇಂಥ ಆವರಣದಲ್ಲೇ ಹೆಚ್ಚಿನ ಬೆಕ್ಕುಗಳು ತೃಪ್ತಿಯಿಂದಿರುತ್ತವೆ. ಮನೆ ವಾಹನಗಳು ಓಡಾಡುವ ರಸ್ತೆಯ ಪಕ್ಕದಲ್ಲಿದ್ದರೆ, ಬೆಕ್ಕನ್ನು ಇದಕ್ಕಿಂತ ಹೆಚ್ಚು ಸ್ವತಂತ್ರವಾಗಿ ಬಿಡಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ವಿಷಗಳ ಹುಡುಕಾಟ

ಬೆಕ್ಕು ಓಡಾಡುವ ಜಾಗವನ್ನು ಒಮ್ಮೆ ಬಗ್ಗಿ, ಅದರ ಕಣ್ಣಿನ ಎತ್ತರದಿಂದ ನೋಡಿ. ಲಿಲ್ಲಿ ಹೂವು ಅತ್ಯಂತ ಅಪಾಯಕಾರಿ: ಮೈಗೆ ಅಂಟಿದ ಪರಾಗವನ್ನು ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ ಮೂತ್ರಪಿಂಡಗಳು ಕೆಡಬಹುದು. ಕಣಗಿಲೆಯೂ ವಿಷವೇ. ವಾಹನಗಳ ಎಂಜಿನ್ ತಂಪಾಗಿಡುವ ದ್ರವದಲ್ಲಿ (ಕೂಲಂಟ್) ಇರುವ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕ ಅಂಗಾಲಿಗೆ ಅಂಟಿದಷ್ಟೇ ಪ್ರಮಾಣದಲ್ಲೂ ಕೊಲ್ಲಬಲ್ಲದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಇಲಿ ಪಾಷಾಣದ ಲಕ್ಷಣಗಳು ಕೆಲವು ದಿನಗಳ ನಂತರ ಕಾಣುತ್ತವೆ, ಮತ್ತು ಅದನ್ನು ತಿಂದ ಇಲಿಯನ್ನು ತಿಂದರೂ ಬೆಕ್ಕಿಗೆ ಅಪಾಯವಿದೆ. ಅನುಮಾನ ಬಂದ ಕೂಡಲೇ, ನೀವಾಗಿಯೇ ವಾಂತಿ ಮಾಡಿಸಲು ಹೋಗದೆ, ವಿಷದ ಪೊಟ್ಟಣವನ್ನೋ ಗಿಡದ ಎಲೆಯನ್ನೋ ಜೊತೆಗಿಟ್ಟುಕೊಂಡು ವೈದ್ಯರಲ್ಲಿಗೆ ಧಾವಿಸಿ.

ಕಾಣೆಯಾದರೆ

ಮನೆ ಬದಲಿಸಿದ ಮೇಲೆ ಮೂರು ನಾಲ್ಕು ವಾರ ಬೆಕ್ಕನ್ನು ಒಳಗೇ ಇಟ್ಟುಕೊಳ್ಳುವುದು ಒಳ್ಳೆಯದು. ಇಷ್ಟಾದರೂ ಒಂದು ದಿನ ಅದು ನುಸುಳಿ ಹೋದರೆ, ದೂರ ಹುಡುಕುವ ಮೊದಲು ಹತ್ತಿರ ಹುಡುಕಿ. ಕಾಣೆಯಾದ 1,210 ಬೆಕ್ಕುಗಳ ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳ ಪೈಕಿ ಶೇ 75ರಷ್ಟು ಕಾಣೆಯಾದ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಹೆದರಿದ ಬೆಕ್ಕು ಸಾಕಿದವರ ದನಿ ಕೇಳಿದರೂ ಉಸಿರೆತ್ತದೆ ಅಡಗಿರುತ್ತದೆ. ಹಾಗಾಗಿ ಉತ್ತರ ಬಾರದ ಜಾಗವನ್ನು ಬಿಟ್ಟುಬಿಡಬೇಡಿ. ಸುತ್ತಲಿನ ಸದ್ದಡಗಿದ ಮೇಲೆ ಟಾರ್ಚ್ ಹಿಡಿದು ಪೊದೆಗಳ ಬುಡ, ನಿಂತ ವಾಹನಗಳ ಅಡಿ, ಉಗ್ರಾಣಗಳ ಮೂಲೆಗಳಲ್ಲಿ ಹೊಳೆಯುವ ಕಣ್ಣುಗಳಿಗಾಗಿ ನೋಡಿ, ಅಭ್ಯಾಸದ ಸದ್ದನ್ನು ಮೆಲ್ಲಗೆ ಮಾಡಿ. ಮನೆಗೆ ತಂದ ಮೇಲೆ ರೋಮ ಬಿಡಿಸಿ ಮೈಯೆಲ್ಲ ಪರೀಕ್ಷಿಸಬೇಕು. ಹಲ್ಲಿನ ಕಡಿತದ ತೂತು ಮೇಲೆ ಬೇಗನೆ ಮುಚ್ಚಿಕೊಂಡು ಒಳಗೆ ಕೀವು ಕಟ್ಟುವುದರಿಂದ, ನಾಲ್ಕೈದು ದಿನ ಗಮನಿಸುತ್ತಿರಬೇಕು; ಆ ನಡುವೆ ಊತ, ಜ್ವರ ಅಥವಾ ಊಟ ಬಿಡುವುದು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.