ಬಳ್ಳಾರಿ ಜಾಲಿಯ ಸೀಮೆಯಲ್ಲಿ ಸಣ್ಣ ಟೈರಿನ ಸೈಕಲ್

ಕೊಪ್ಪಳ ಸೀಮೆಯ ದಿನ್ನೆಗಳಿಗೆ ಸೈಕಲ್ಲಿನ ಹಗುರ ಗೇರಿನಲ್ಲಿ ಮುಂದಿನ ಹಲ್ಲುಗಾಲಿಗೆ 34 ಹಲ್ಲು, ಹಿಂದಿನದಕ್ಕೆ 28 ಹಲ್ಲು ಇದ್ದರೆ ಧಾರಾಳ ಆಯಿತು. ಸೈಕಲ್ಲಿನಿಂದ ಕೆಳಗಿಳಿಸುವಂಥ ಏರು ನಾನು ಓಡಾಡುವ ರಸ್ತೆಗಳಲ್ಲಿ ಒಂದೂ ಇಲ್ಲ. ಇಳಿಸುವುದು ಬಳ್ಳಾರಿ ಜಾಲಿ. ಕೆರೆ ಏರಿ, ಕಾಲುವೆ ದಂಡೆ, ಪಾಳು ಬಿದ್ದ ಹೊಲ, ಎಲ್ಲಿ ನೋಡಿದರೂ ಅದೇ ಗಿಡ. ಬೇಲಿಗೆಂದು, ಒಲೆಗೆಂದು ಕಡಿದು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುವಾಗ ಉದುರಿದ ಕಡ್ಡಿಗಳು ರಸ್ತೆ ಅಂಚಿಗೆ ಸೇರುತ್ತವೆ. ಒಂದು ಮಳೆ ಬಿದ್ದರೆ ಅಂಚಿನದೆಲ್ಲ ನಡುವಿಗೆ ಬರುತ್ತದೆ. ಹಾಗಾಗಿ ಮಳೆ ಬಂದ ಮರುದಿನ ನಾನು ಅಂಚು ಬಿಟ್ಟು, ಲಾರಿ ಚಕ್ರ ತುಳಿದು ನುಣುಪಾದ ಜಾಡಿನಲ್ಲೇ ಹೋಗುತ್ತೇನೆ. ಹಿಂದಿನ ವಾಹನ ಕಾಣಲು ಹ್ಯಾಂಡಲ್ ತುದಿಗೆ ಸಣ್ಣ ಕನ್ನಡಿ ಇದ್ದರೆ ಈ ಧೈರ್ಯ ಮಾಡಬಹುದು.

ಈ ಮುಳ್ಳು ಕೆಲಸ ಮಾಡುವ ರೀತಿ ಮೊಳೆಯಂತಲ್ಲ. ಟೈರಿಗೆ ಚುಚ್ಚಿದ ಕೂಡಲೇ ಮೇಲಿನ ಭಾಗ ರಸ್ತೆಗೆ ಉಜ್ಜಿ ಮುರಿದು ಹೋಗುತ್ತದೆ, ಎರಡು ಮೂರು ಮಿಲಿಮೀಟರ್ ತುದಿ ರಬ್ಬರಿನೊಳಗೇ ಉಳಿಯುತ್ತದೆ. ತೂತಿಗೆ ಅದೇ ಬಿರಡೆಯಾಗುವುದರಿಂದ ಗಾಳಿ ಒಮ್ಮೆಲೇ ಹೋಗುವುದಿಲ್ಲ, ಹತ್ತು ಕಿ.ಮೀ. ಆದಮೇಲೆ ಹಿಂದಿನ ಚಕ್ರ ತೂಗಿದಂತಾಗುತ್ತದೆ, ಅಷ್ಟೇ. ಟ್ಯೂಬ್ ಬದಲಿಸಿ ತುದಿಯನ್ನು ಒಳಗೇ ಬಿಟ್ಟರೆ ಹೊಸ ಟ್ಯೂಬೂ ಸ್ವಲ್ಪ ದೂರದಲ್ಲೇ ಕೂರುತ್ತದೆ. ಹೊಸಬರ ಎರಡನೇ ಪಂಕ್ಚರ್ ಬಹುಮಟ್ಟಿಗೆ ಮೊದಲನೆಯದರ ಮುಳ್ಳೇ.

ಹುಡುಕುವುದಕ್ಕೆ ಒಂದು ಕ್ರಮ ಬೇಕು. ಟೈರ್ ಹಾಕುವಾಗಲೇ ಅದರ ಮೇಲಿನ ಹೆಸರು ವಾಲ್ವ್‌ಗೆ ನೇರ ಬರುವಂತೆ ಕೂರಿಸಿ. ಪಂಕ್ಚರ್ ಆದಾಗ ಟ್ಯೂಬ್ ಹೊರತೆಗೆದು ಗಾಳಿ ತುಂಬಿ, ಕೆನ್ನೆ ಹತ್ತಿರ ಹಿಡಿದು ತಿರುಗಿಸಿದರೆ ಸಣ್ಣ ತೂತಿನ ಗಾಳಿಯೂ ತಾಗುತ್ತದೆ. ತೂತು ವಾಲ್ವ್‌ನಿಂದ ಎಷ್ಟು ಗೇಣು ದೂರ ಇದೆಯೋ ನೋಡಿ, ಟೈರಿನ ಹೆಸರಿನಿಂದ ಅಷ್ಟೇ ದೂರ ಎರಡೂ ಕಡೆ ಹುಡುಕಿ, ಏಕೆಂದರೆ ಟ್ಯೂಬ್ ಯಾವ ಮುಖವಾಗಿತ್ತು ಎಂಬುದು ಅಷ್ಟರಲ್ಲಿ ಮರೆತಿರುತ್ತದೆ. ಬರಿ ಬೆರಳು ಆಡಿಸಬೇಡಿ. ಒಂದು ಉಂಡೆ ಹತ್ತಿಯನ್ನು ಟೈರಿನ ಒಳಮೈಗೆ ಸವರುತ್ತ ಹೋದರೆ ಮುಳ್ಳು ಇದ್ದಲ್ಲಿ ಎಳೆ ಸಿಕ್ಕಿಕೊಳ್ಳುತ್ತದೆ. ಹೊರಗಿನಿಂದ ಚಿಮಟಿಗೆ ಸಿಗದಿದ್ದರೆ ಒಳಗಿನಿಂದ ದಬ್ಬಳದ ಮೊಂಡು ತುದಿಯಲ್ಲಿ ಹೊರಕ್ಕೆ ನೂಕಬೇಕು. ಒಂದು ಸಿಕ್ಕಿತೆಂದು ನಿಲ್ಲಿಸದೆ ಪೂರ್ತಿ ಸುತ್ತು ಸವರಿ. ಜಾಲಿ ಕಡ್ಡಿಯಲ್ಲಿ ಮುಳ್ಳು ಜೋಡಿಯಾಗಿಯೂ ಇರುತ್ತವೆ.

ಹೆದ್ದಾರಿ ಬದಿಯಲ್ಲಿ ಇನ್ನೊಂದು ಶತ್ರು ಇದೆ: ಒಡೆದ ಲಾರಿ ಟೈರಿನ ಉಕ್ಕಿನ ತಂತಿ. ಕೂದಲಿನಷ್ಟು ಸಣ್ಣದು, ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೂ ಹತ್ತಿಯೇ ಮದ್ದು. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದಂತೆ ಇದ್ದರೆ ಮುಳ್ಳು ಹುಡುಕುವುದು ವ್ಯರ್ಥ. ಗಾಳಿ ಕಡಿಮೆ ಇದ್ದು ಗುಂಡಿಗೆ ಹೊಡೆದಿದ್ದೀರಿ ಎಂದರ್ಥ. ನಮ್ಮ ಹಳ್ಳಿಗಳಲ್ಲಿ ಹೊಲಕ್ಕೆ ನೀರಿನ ಪೈಪ್ ದಾಟಿಸಲು ರಸ್ತೆ ಅಡ್ಡ ಅಗೆದು ಮಣ್ಣು ಮುಚ್ಚಿದ ಪಟ್ಟಿಗಳು ಸಾಕಷ್ಟಿವೆ, ಬಣ್ಣ ಬಳಿಯದ ಹಂಪ್‌ಗಳಂತೂ ಊರಿಗೆ ಎರಡು.

28 ಮಿ.ಮೀ.ಗಿಂತ ಕಡಿಮೆ ಅಗಲದ ಟೈರ್ ಇಲ್ಲಿ ಬೇಡ, ಫ್ರೇಮಿನಲ್ಲಿ ಜಾಗ ಇದ್ದರೆ 32 ಹಾಕಿ. ಸುಮಾರು 70 ಕೆ.ಜಿ. ತೂಕದವರಿಗೆ 28ರಲ್ಲಿ ಗಾಳಿಯ ಒತ್ತಡ ಮುಂದೆ 70, ಹಿಂದೆ 75 ಪಿಎಸ್‌ಐ. 32ರಲ್ಲಿ 55 ಮತ್ತು 60. ಬಿಸಿಲಿಗೆ ಟೈರ್ ಸಿಡಿಯುತ್ತದೆಂದು ಬೇಸಿಗೆಯಲ್ಲಿ ಗಾಳಿ ಅರ್ಧಕ್ಕೆ ಇಳಿಸುವವರಿದ್ದಾರೆ. ಲೆಕ್ಕ ಹಾಕಿ ನೋಡಿ: 25 ಡಿಗ್ರಿಯಲ್ಲಿ ತುಂಬಿದ 70 ಪಿಎಸ್‌ಐ, ಒಳಗಿನ ಗಾಳಿ 45 ಡಿಗ್ರಿಗೆ ಏರಿದರೆ ಹೆಚ್ಚುವುದು ಐದಾರು ಪಿಎಸ್‌ಐ ಮಾತ್ರ. ಸಿಡಿಯುವುದಕ್ಕೆ ಬೇರೆ ಕಾರಣಗಳಿವೆ: ರಿಮ್ ಟೇಪ್ ಸರಿದು ಸ್ಪೋಕ್ ತೂತು ಬಾಯಿ ಬಿಟ್ಟಿರುತ್ತದೆ, ಇಲ್ಲವೇ ಟ್ಯೂಬ್ ಟೈರಿನ ಅಂಚಿನ ಕೆಳಗೆ ಸಿಕ್ಕಿಕೊಂಡಿರುತ್ತದೆ. ಗಾಳಿ ತುಂಬುವ ಮುಂಚೆ ಟೈರನ್ನು ಎರಡೂ ಬದಿ ಹಿಂಡಿ, ಸುತ್ತಲೂ ರಿಮ್ ಟೇಪ್ ಕಾಣುತ್ತದೆಯೇ ನೋಡಿದರೆ ಎರಡನೆಯ ಕಾರಣ ತಪ್ಪುತ್ತದೆ.

ಸೀಲೆಂಟ್, ಅಂದರೆ ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವವನ್ನು, ನಾನು ಟ್ಯೂಬಿಗೇ ಹಾಕುತ್ತೇನೆ, ಚಕ್ರಕ್ಕೆ 60 ಮಿ.ಲೀ. ವಾಲ್ವ್‌ನ ಒಳತಿರುಳು ಬಿಚ್ಚುವಂಥ ಟ್ಯೂಬೇ ಆಗಬೇಕು. ಗಾಳಿ ಪೂರ್ತಿ ಇದ್ದಾಗ ದ್ರವ ಹೆಪ್ಪುಗಟ್ಟುವ ಮುಂಚೆಯೇ ಹೊರಗೆ ಚಿಮ್ಮುವುದುಂಟು. ಆಗ ನಿಲ್ಲಿಸಿ 40ಕ್ಕೆ ಇಳಿಸಿ, ತೂತು ಕೆಳಗೆ ಬರುವಂತೆ ಒಂದೆರಡು ನಿಮಿಷ ಇಟ್ಟು, ಮತ್ತೆ ತುಂಬಿದರೆ ಕೂರುತ್ತದೆ. ನಮ್ಮ ಸೆಕೆಗೆ ಅದು ಬೇಗ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮೇಲುಹಾಕು ಬೇಕೇ ಬೇಕು. ಟೈರಿನೊಳಗೆ ಹಾಸುವ ಪ್ಲಾಸ್ಟಿಕ್ ಪಟ್ಟಿ ನನಗೆ ಸೇರುವುದಿಲ್ಲ. ಅದರ ಎರಡು ತುದಿ ಒಂದರ ಮೇಲೊಂದು ಕೂತಲ್ಲಿ ಟ್ಯೂಬನ್ನು ತಾನೇ ಕೊಯ್ಯುತ್ತದೆ. ಹಾಕಲೇಬೇಕೆಂದರೆ ತುದಿಗಳನ್ನು ಕತ್ತರಿಯಲ್ಲಿ ದುಂಡಗೆ ಮಾಡಿ, ಮೇಲೆ ಬಟ್ಟೆ ಟೇಪ್ ಅಂಟಿಸಿ.

ಅಂಟು ಹಚ್ಚದೆ ಒತ್ತುವ ಪ್ಯಾಚ್ ಚೀಟಿಗಳು ಏಪ್ರಿಲ್ ಬಿಸಿಲಿಗೆ ಬಿಟ್ಟುಕೊಳ್ಳುತ್ತವೆ. ಹಳೆಯ ಕಾಲದ ಸೊಲ್ಯೂಷನ್ ಅಂಟೇ ವಾಸಿ: ಉಜ್ಜಿ, ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ, ಅಂದರೆ ಸುಮಾರು ಐದು ನಿಮಿಷ ಬಿಟ್ಟು, ಪ್ಯಾಚ್ ಒತ್ತಬೇಕು. ಹಸಿ ಇರುವಾಗಲೇ ಅಂಟಿಸುವುದೇ ಎಲ್ಲರೂ ಮಾಡುವ ತಪ್ಪು. ಒಮ್ಮೆ ಬಾಯಿ ತೆರೆದ ಸೊಲ್ಯೂಷನ್ ಚೀಲದೊಳಗೇ ಒಣಗಿ ಕಲ್ಲಾಗಿರುತ್ತದೆ, ಹೊರಡುವ ಮುಂಚೆ ಹಿಂಡಿ ನೋಡಿ. ಜೊತೆಗೆ ಎರಡು ಟ್ಯೂಬ್, ಪಂಪ್, ಲಿವರ್, ಮತ್ತು ಸಣ್ಣ ವಾಲ್ವ್‌ಗೆ ಹಾಕುವ ಹಿತ್ತಾಳೆ ಅಡಾಪ್ಟರ್. ಹಳ್ಳಿಯ ಸೈಕಲ್ ಅಂಗಡಿಯಲ್ಲಿ ಇಂಥ ಸೈಕಲ್ಲಿನ 700 ಅಳತೆಯ ಟ್ಯೂಬ್ ಸಿಗದು, ಆದರೆ ಗಾಳಿ ಸಿಗುತ್ತದೆ. ಅಡಾಪ್ಟರ್ ಇಲ್ಲದಿದ್ದರೆ ಅದೂ ದಕ್ಕದು. ಬೈಕಿಗೆ ಗಾಳಿ ಹಿಡಿಯುವ ಕಂಪ್ರೆಸರ್ ಆದರೆ ಒಂದೊಂದು ಸೆಕೆಂಡ್ ಬಿಟ್ಟು ಬಿಟ್ಟು ಹಿಡಿಸಿ, ಪ್ರತಿ ಸಲ ಹೆಬ್ಬೆರಳಲ್ಲಿ ಒತ್ತಿ ನೋಡಿ.

ಈ ತಯಾರಿಯೊಂದಿಗೆ ಹೋಗಬೇಕಾದ ರಸ್ತೆ ಕೊಪ್ಪಳದಿಂದ ಭಾನಾಪುರದ ಮೇಲೆ ಕುಕನೂರು, ಅಲ್ಲಿಂದ ಇಟಗಿ, ಬನ್ನಿಕೊಪ್ಪದ ಕಡೆಯಿಂದ ಹೆದ್ದಾರಿ 67 ಹಿಡಿದು ವಾಪಸ್. ಎಲ್ಲ ಸೇರಿ ಸುಮಾರು 70 ಕಿ.ಮೀ. ಮೇಲೆ ಕೆಳಗೆ ಮೇಲೆ ಕೆಳಗೆ ಎಂದು ಅಲೆಯಂತೆ ಹೋಗುವ ಎರೆ ಬಯಲು. ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ. ಕುಕನೂರಿನ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು. ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಅದನ್ನು ದೇವಾಲಯ ಚಕ್ರವರ್ತಿ ಎನ್ನುತ್ತದೆ. ಬಳಪದ ಕಲ್ಲಿನ ಕಂಬಗಳ ತಿರುವು ಗೆರೆಗಳನ್ನು ಹತ್ತಿರದಿಂದ ನೋಡಲು ಅರ್ಧ ಗಂಟೆ ಇಟ್ಟುಕೊಳ್ಳಿ. ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇರುವ ಶೂಗಳನ್ನು ಹೇಗೂ ಹೊರಗೆ ಬಿಡಬೇಕು, ಅದಕ್ಕೆ ಕಾಲುಚೀಲ ದಪ್ಪನೆಯದಿರಲಿ. ಹತ್ತು ಗಂಟೆಗೆ ಅಂಗಳದ ಕಲ್ಲು ಕಾದ ಹಂಚು.

ದಿಕ್ಕು ನಿರ್ಧರಿಸುವುದು ಗಾಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೆಳಿಗ್ಗೆ ಮಂದವಾಗಿದ್ದು ಹೊತ್ತೇರಿದಂತೆ ಬಿರುಸಾಗುತ್ತದೆ. ಕುಕನೂರು ಕೊಪ್ಪಳಕ್ಕೆ ವಾಯವ್ಯದಲ್ಲಿರುವುದರಿಂದ ಬೆಳಕು ಹರಿಯುವಾಗ ಹೊರಟು ಎದುರುಗಾಳಿಯ ಕೆಲಸ ತಂಪಿನಲ್ಲೇ ಮುಗಿಸಿ, ಬೆನ್ನ ಗಾಳಿಯಲ್ಲಿ ಮರಳಬೇಕು. ಎದುರುಗಾಳಿಯಲ್ಲಿ ವೇಗ ನೋಡುವುದೇ ಬೇಡ. ಹಗುರ ಗೇರಿನಲ್ಲಿ ನಿಮಿಷಕ್ಕೆ 80 ತುಳಿತ ಕಾಯ್ದುಕೊಂಡರೆ ಸಾಕು, ಮೀಟರು 16 ತೋರಿಸಿದರೂ ಸರಿ.

ಎರೆ ಮಣ್ಣಿನ ಬಗ್ಗೆ ಒಂದೇ ಮಾತು: ಮಳೆಗಾಲದಲ್ಲಿ ಡಾಂಬರು ಬಿಟ್ಟು ಇಳಿಯಬೇಡಿ. ಇನ್ನೂರು ಮೀಟರಿಗೆ ಬ್ರೇಕಿಗೂ ಟೈರಿಗೂ ನಡುವೆ ಮಣ್ಣು ಕಟ್ಟಿ ಚಕ್ರವೇ ತಿರುಗದು. ನೂಕಿದಷ್ಟೂ ಕಟ್ಟುತ್ತದೆ. ಹೆಗಲಿಗೇರಿಸಿ ಹೊರಗೆ ತಂದು, ಒಣಗಲು ಬಿಟ್ಟು, ಕಡ್ಡಿಯಲ್ಲಿ ಕೆರೆದು ತೆಗೆಯುವುದೇ ದಾರಿ.

ಗಂಗಾವತಿ ಕಡೆಯದು ಬೇರೆಯೇ ಲೋಕ. ಆನೆಗೊಂದಿಯಿಂದ ಅಂಜನಾದ್ರಿ, ಸಣಾಪುರ ದಾಟಿ ಹುಲಿಗಿವರೆಗೆ ಬಂಡೆ ಗುಡ್ಡ ಒಂದು ಬದಿ, ಭತ್ತದ ಗದ್ದೆ ಇನ್ನೊಂದು ಬದಿ. ಆನೆಗೊಂದಿಯಲ್ಲಿ ಗಗನ್ ಮಹಲ್ ಮುಂದಿನ ಓಣಿಗಳನ್ನು ನಿಧಾನಕ್ಕೆ ಸುತ್ತಿ; ಕೋಟೆ ಬಾಗಿಲ ಹಾಸುಗಲ್ಲಿನ ಮೇಲೆ ಇಳಿದು ನಡೆಯುವುದು ಒಳ್ಳೆಯದು. ಈ ರಸ್ತೆಯ ಕಷ್ಟ ಸುಗ್ಗಿಯದು. ಮುಂಗಾರಿ ಭತ್ತ ಬರುವ ನವೆಂಬರ್ ಆಸುಪಾಸು, ಬೇಸಿಗೆ ಬೆಳೆ ಬರುವ ಏಪ್ರಿಲ್ ಆಸುಪಾಸು ಅರ್ಧ ರಸ್ತೆ ಕಣವಾಗಿರುತ್ತದೆ. ಭತ್ತದ ಮೇಲೆ ಮುಂದಿನ ಚಕ್ರ ಗೋಲಿಗಳ ಮೇಲೆ ಹೋದಂತೆ ಜಾರುತ್ತದೆ, ರೈತರ ಬೈಗುಳವೂ ಸಿಗುತ್ತದೆ, ಎರಡೂ ನ್ಯಾಯವೇ. ಅದಕ್ಕಿಂತ ಅಪಾಯ ಭತ್ತ ಎತ್ತಿಕೊಂಡು ಹೋದ ಮೇಲೆ ಅಲ್ಲೇ ಉಳಿದ ಸಾಲುಗಲ್ಲುಗಳು ಮತ್ತು ಕಟಾವು ಯಂತ್ರ ಗದ್ದೆಯಿಂದ ಎಳೆದು ತಂದ ಕೆಸರಿನ ಹೆಂಟೆಗಳು. ಮಂಗಳವಾರ, ಶುಕ್ರವಾರ, ಹುಣ್ಣಿಮೆಯ ದಿನ ಹುಲಿಗೆಮ್ಮನ ಭಕ್ತರ ವಾಹನ ವಿಪರೀತ, ಆ ದಿನ ಸಣಾಪುರದಲ್ಲೇ ತಿರುಗಿ ಬನ್ನಿ. ಕಾಲುವೆಗೆ ಮುಖ ತೊಳೆಯಲು ಕೂಡ ಇಳಿಯಬೇಡಿ. ಪಾಚಿ ಹಿಡಿದ ಇಳಿಜಾರು ಕಲ್ಲಿಗೆ ಸೈಕಲ್ ಶೂ ನಿಲ್ಲದು.

ಕುರಿ ಹಿಂಡು ಎದುರಾದರೆ ಬೆಲ್ ಉಪಯೋಗವಿಲ್ಲ. ಒಂದು ದಾಟಿದರೆ ಹಿಂದಿನವೂ ದಾಟುತ್ತವೆ, ನಡುವೆ ನುಗ್ಗದೆ ಕಾಲೂರಿ ನಿಲ್ಲುವುದೇ ಬೇಗ.

ನೀರು ಗಂಟೆಗೆ ಮುಕ್ಕಾಲು ಲೀಟರ್. ಎರಡು ಬಾಟಲಿಯಲ್ಲಿ ಒಂದು ಬರಿ ನೀರು, ಇನ್ನೊಂದು ಓಆರ್‌ಎಸ್. ಒಂದು ಪೊಟ್ಟಣ ಒಂದು ಲೀಟರಿಗೆ ಲೆಕ್ಕ, 750ರ ಬಾಟಲಿಗೆ ಪೂರ್ತಿ ಸುರಿದರೆ ಗಟ್ಟಿಯಾಗಿ ಹೊಟ್ಟೆ ತೊಳೆಸುತ್ತದೆ. ಜೇಬಿಗೆ ಶೇಂಗಾ ಹೋಳಿಗೆ: ಬಿಸಿಲಿಗೆ ಕರಗದು, ಒಂದು ಕೈಯಲ್ಲಿ ತಿನ್ನಬಹುದು. ಕುಕನೂರಿನಲ್ಲಿ ಒಗ್ಗರಣಿ ಮಂಡಾಳು ತಿನ್ನಿ, ಜೊತೆಗಿನ ಮಿರ್ಚಿಯನ್ನು ಕೊಪ್ಪಳ ಮುಟ್ಟಿದ ಮೇಲಕ್ಕೆ ಇಡಿ. ಮಾರ್ಚ್‌ನಿಂದ ಮೇವರೆಗೆ ಒಂಬತ್ತೂವರೆಗೆ ಮನೆಯಲ್ಲಿರುವಂತೆ ಹೊರಡುವ ಹೊತ್ತನ್ನು ಹಿಂದಕ್ಕೆ ಎಣಿಸಿ.

ಬಂದ ಕೂಡಲೇ ಚಕ್ರ ತಿರುಗಿಸುತ್ತ ಒದ್ದೆ ಬಟ್ಟೆಯಲ್ಲಿ ಟೈರ್ ಒರೆಸಿದರೆ ಕಪ್ಪು ಚುಕ್ಕೆಗಳಂತೆ ಮುಳ್ಳಿನ ತಲೆಗಳು ಕಾಣುತ್ತವೆ, ಬೆಳಕಿರುವಾಗಲೇ ಕೀಳಿ. ಮರುದಿನ ಬೆಳಿಗ್ಗೆ ಟೈರ್ ಒತ್ತಿ ನೋಡಿ. ಮುಂದಿನದಕ್ಕಿಂತ ಹಿಂದಿನದು ಮೆತ್ತಗಿದ್ದರೆ ಒಂದು ಉಳಿದಿದೆ.