ಬುಕ್ ಆಫ್ ಡೆಡ್ ಸ್ಲಾಟ್ ಆಡೋದು ಹೇಗೆ

ಇದು ಬಟನ್ ಒತ್ತಿ ಚಿಹ್ನೆಗಳ ರೀಲು ತಿರುಗಿಸೋ ಆನ್‌ಲೈನ್ ಜೂಜಾಟ. ಮೊದಲು ಡೆಮೋದಲ್ಲಿ, ಅಂದ್ರೆ ದುಡ್ಡಿಲ್ಲದೆ ಆಡೋ ಮೋಡಲ್ಲಿ, ಒಂದಷ್ಟು ಸ್ಪಿನ್ ಮಾಡಿ, ದುಡ್ಡು ಹಾಕೋ ಅವಸರ ಬೇಡ. ಹಾಕಿದ್ರೂ ಹೋದ್ರೆ ಹೋಗ್ಲಿ ಅನ್ನೋಷ್ಟೇ, ಅದು ಮುಗಿದ ತಕ್ಷಣ ಎದ್ಬಿಡಿ. 5 ರೀಲು (ತಿರುಗೋ ಕಂಬಗಳು), 3 ಸಾಲು, 10 ಪೇಲೈನು (ಒಂದೇ ಚಿಹ್ನೆ ಸಾಲಾಗಿ ಬಿದ್ರೆ ಗೆಲ್ಲೋ ಗೆರೆಗಳು), ಬೆಟ್ ಸೆಟ್ ಮಾಡ್ಕೊಂಡು ಸ್ಪಿನ್ ಒತ್ತೋದು ಅಷ್ಟೇ.

ಮಜಾ ಇರೋದೆಲ್ಲಾ ಪುಸ್ತಕದ ಚಿಹ್ನೆಯಲ್ಲಿ, ಅದೇ ವೈಲ್ಡು (ಬೇರೆ ಚಿಹ್ನೆ ಬದಲಿಗೆ ನಡೆಯೋದು) ಅದೇ ಸ್ಕ್ಯಾಟರು (ಎಲ್ಲಿ ಬಿದ್ರೂ ಲೆಕ್ಕಕ್ಕೆ ಬರೋದು), 3 ಬಿದ್ರೆ 10 ಫ್ರೀ ಸ್ಪಿನ್, ಆಗ ಪುಸ್ತಕದ ಹಾಳೆ ತಿರುಗಿ ಒಂದು ಚಿಹ್ನೆ ಮೇಲೆ ನಿಲ್ಲುತ್ತೆ, ನರಿಮುಖದ ಅನುಬಿಸ್ ಬಂದ ಅಂದ್ಕೊಳ್ಳಿ, ಅವನು ಸಾಕಷ್ಟು ರೀಲಲ್ಲಿ ಬಿದ್ರೆ ಆ ರೀಲ್ ಪೂರ್ತಿ ಮೇಲಿಂದ ಕೆಳಗೆ ಹರಡ್ಕೋತಾನೆ, ಪಕ್ಕಪಕ್ಕ ಇರ್ಲೇಬೇಕು ಅಂತಾನೂ ಇಲ್ಲ! ಗೆದ್ದಿದ್ದನ್ನ ಪಣಕ್ಕಿಟ್ಟು ಕಾರ್ಡ್ ಊಹಿಸೋ ಗ್ಯಾಂಬಲ್ ಬಟನ್ ನಾನಂತೂ ಮುಟ್ಟಲ್ಲ, ಕಾರ್ಡ್ ಬಣ್ಣ ತಪ್ಪಿದ್ರೆ ಆ ಗೆಲುವೇ ಹೋಗುತ್ತೆ. ಎಷ್ಟೋ ಸ್ಪಿನ್ ಖಾಲಿ ಹೋಯ್ತು, ಈಗ ಬಂದೇ ಬರುತ್ತೆ ಅಂತ ಮಾತ್ರ ನಂಬ್ಬೇಡಿ, ಪ್ರತಿ ಸ್ಪಿನ್ನೂ ಹೊಸದೇ.