ಸಂಜೆ ಆರರ ನಂತರ ಲೆಕ್ಕ ಕೇಳಬೇಡಿ ಎಂದೆವು

ನಾನು ಗ್ರಾಮ ಆಡಳಿತ ಅಧಿಕಾರಿ. ಹಿಂದೆ ಈ ಹುದ್ದೆಗೆ ಗ್ರಾಮ ಲೆಕ್ಕಿಗ (ವಿಲೇಜ್ ಅಕೌಂಟೆಂಟ್, ವಿಎ) ಎನ್ನುತ್ತಿದ್ದರು, ಊರವರ ಬಾಯಲ್ಲಿ ಈಗಲೂ ‘ವಿಎ ಮೇಡಂ’. ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು), ಜಾತಿ-ಆದಾಯ ಪತ್ರದ ವರದಿ, ಪಿಂಚಣಿ, ಬೆಳೆ ಹಾನಿ ಸರ್ವೆ, ಚುನಾವಣೆ ಕೆಲಸ, ಎಲ್ಲವೂ ನಮ್ಮ ಪಾಲಿಗೆ. ಕೆಲಸಕ್ಕೊಂದು ಆ್ಯಪ್. ಈ ಒತ್ತಡ ತಾಳಲಾರದೆಯೇ ರಾಜ್ಯದ ವಿಎಗಳು 2024ರ ಸೆಪ್ಟೆಂಬರ್ ಕೊನೆಯಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ ಮುಷ್ಕರಕ್ಕೆ ಕೂತಿದ್ದು.

ಕೆಲಸ ಜಾಸ್ತಿ ಅನ್ನುವುದಕ್ಕಿಂತ, ಅದಕ್ಕೆ ಮುಗಿಯುವ ಹೊತ್ತೇ ಇಲ್ಲದ್ದು ನನ್ನನ್ನು ಹಣ್ಣು ಮಾಡಿತು. ರಾತ್ರಿ ಊಟಕ್ಕೆ ಕೂತರೆ ಕಚೇರಿಯ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ‘ಪ್ರಗತಿ ಶೂನ್ಯ’ ಎಂಬ ಪಟ್ಟಿ. ಭಾನುವಾರವೂ ‘ಇಂದೇ ಮುಗಿಸಿ’. ನಿದ್ದೆ ಹಾರಿಹೋಯಿತು.

ಮೊದಲು ಒಂದು ನೋಟ್‌ಬುಕ್ ಇಟ್ಟೆ. ಯಾವ ಆ್ಯಪ್‌ನಲ್ಲಿ ಎಷ್ಟು ಬಾಕಿ, ಯಾಕೆ ಬಾಕಿ, ಅಷ್ಟೇ. ವಾರಸುದಾರರು ಬೆಂಗಳೂರಿನಲ್ಲಿದ್ದಾರೆ, ವಂಶವೃಕ್ಷ ಬಂದಿಲ್ಲ, ಸರ್ವರ್ ಇಲ್ಲ, ಹೀಗೆ. ಆಮೇಲೆ ನೋಡಿದರೆ ಬಾಕಿಯಲ್ಲಿ ದೊಡ್ಡ ಪಾಲು ನನ್ನ ಕೈಯಲ್ಲೇ ಇರಲಿಲ್ಲ. ಹೋಬಳಿಯ ಉಳಿದವರೂ ಹಾಗೇ ಬರೆದಿಟ್ಟರು. ಎಲ್ಲರೂ ಸೇರಿ ತಹಶೀಲ್ದಾರರ ಹತ್ತಿರ ಹೋದೆವು.

“ಈ ವಾರ ಯಾವ ಆ್ಯಪ್ ಮೊದಲು ಅಂತ ಸೋಮವಾರವೇ ಹೇಳಿಬಿಡಿ ಸರ್. ಸಂಜೆ ಆರರ ನಂತರ ಗ್ರೂಪ್‌ನಲ್ಲಿ ಲೆಕ್ಕ ಕೇಳಬೇಡಿ. ಮಳೆ, ಬೆಂಕಿ, ಸಾವಿನಂಥದ್ದಕ್ಕೆ ಎಷ್ಟು ಹೊತ್ತಿಗಾದರೂ ಫೋನ್ ಮಾಡಿ, ಎತ್ತುತ್ತೇವೆ. ಭಾನುವಾರಕ್ಕೆ ಸರದಿ ಹಾಕಿಕೊಡಿ” ಎಂದೆವು. ಅವರು ನೋಟ್‌ಬುಕ್‌ಗಳನ್ನು ತಿರುವಿ ನೋಡಿ ಒಪ್ಪಿದರು. ಮೇಲಿನವರ ಒತ್ತಡ ಅವರಿಗೂ ಇತ್ತು. ಅದನ್ನು ಹಾಗೇ ನಮ್ಮ ಮೇಲೆ ದಾಟಿಸಲಿಲ್ಲ. ಅಧಿಕಾರಿಯೊಬ್ಬರು ಕೈಕೆಳಗಿನವರಿಗೆ ಮಾಡಬಹುದಾದ ದೊಡ್ಡ ಉಪಕಾರ ಇದೇ ಎಂದು ನನಗನ್ನಿಸುತ್ತದೆ. ಒತ್ತಡ ನಿರ್ವಹಣೆಯ ತರಬೇತಿಗಿಂತ ಇದು ಎಷ್ಟೋ ಮೇಲು.

ಹಳ್ಳಿಗೆ ಹೋಗುವ ದಿನ, ಕಚೇರಿಯಲ್ಲಿ ಸಿಗುವ ದಿನ ಯಾವುವು ಎಂದು ಬಾಗಿಲಿಗೆ ಬರೆದು ಹಾಕಿದೆ. ಗ್ರಾಮ ಸಹಾಯಕರು ಊರಲ್ಲೆಲ್ಲ ಹೇಳಿದರು. ಜೂನ್‌ನಲ್ಲಿ ಆದಾಯ ಪತ್ರಕ್ಕೆ ನೂಕುನುಗ್ಗಲು ಆದಾಗ ಮಾತ್ರ ಉಳಿದದ್ದನ್ನು ಬದಿಗಿಟ್ಟೆ. ಮಕ್ಕಳ ಸೀಟು ಕಾಯುವುದಿಲ್ಲ ಅಲ್ವಾ.

ನಿದ್ದೆಗೆ ಮಾತ್ರ ಹೊರಗಿನ ಸಹಾಯ ಬೇಕಾಯಿತು. 14416ಕ್ಕೆ ಫೋನ್ ಮಾಡಿದೆ. ಅದು ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೊಬೈಲನ್ನು ಮಲಗುವ ಕೋಣೆಯಿಂದ ಹೊರಗಿಡಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಒಮ್ಮೆ ನೋಡಿ ಎಂದರು. ಎರಡನ್ನೂ ಮಾಡಿದೆ.

ಇನ್ನು ರಜೆ. ನಮಗೆ ವರ್ಷಕ್ಕೆ 30 ದಿನ ಗಳಿಕೆ ರಜೆ ಜಮಾ ಆಗುತ್ತದೆ. ಒಂದಷ್ಟನ್ನು ನಗದು ಮಾಡಿಕೊಂಡು ಉಳಿದದ್ದನ್ನು ಕೂಡಿಡುವುದೇ ರೂಢಿ. ಆ ವರ್ಷ ನಾನು ರಜೆ ಹಾಕಿ ತವರಿಗೆ ಹೋದೆ. ಪಕ್ಕದ ಕಂದಾಯ ವೃತ್ತದ ವಿಎ ಗೆಳತಿ ಚಾರ್ಜ್ ವಹಿಸಿಕೊಂಡಳು. ಅವಳ ರಜೆಗೆ ನಾನು.

ಆ ತಹಶೀಲ್ದಾರರಿಗೆ ಈಗ ವರ್ಗವಾಗಿದೆ. ಹೊಸಬರೂ ಸರದಿಯನ್ನು ಮುಂದುವರಿಸಿದ್ದಾರೆ, ಆದರೆ ಎಲ್ಲವೂ ಬಾಯಿಮಾತಿನಲ್ಲೇ ಇದೆ. ಇದು ಕಚೇರಿ ಆದೇಶವಾಗಿ ಹೊರಬೀಳಲಿ ಎಂದು ಮನವಿ ಕೊಟ್ಟಿದ್ದೇವೆ. ನಿಮ್ಮ ತಾಲ್ಲೂಕಿನಲ್ಲೂ ಕೇಳುವುದಾದರೆ ಬಾಕಿಯ ಪಟ್ಟಿಯನ್ನು ಕಾರಣದ ಸಮೇತ ಬರೆದುಕೊಂಡು ಹೋಗಿ, ಒಬ್ಬೊಬ್ಬರೇ ಹೋಗಬೇಡಿ.